ಮೌನದ ಕಲ್ಲು

ಎಲ್ಲದಕ್ಕೂ ಮೂಲ ಗೋರಖನಾಥರ ಮಧ್ಯಾಹ್ನದ ನಿದ್ದೆ. ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಠಸ್ಸೆ ಹೊಡೆದು ನಿವೃತ್ತರಾದ ಅವರಿಗೆ ಎರಡರಿಂದ ನಾಲ್ಕರವರೆಗೆ ಮಲಗುವುದೊಂದೇ ಆಸೆ. ಆದರೆ ಬೀದರಿನ ಆ ಓಣಿಯಲ್ಲಿ, ಅವರ ಕಿಟಕಿಯ ಎದುರಿಗೇ, ನಾಲ್ಕು ಮನೆಗಳ ನಡುವೆ ಒಂದು ಖಾಲಿ ಜಾಗ. ಎರಡು ಬಡಿಯಿತೋ ಇಲ್ಲವೋ, ಆಟೋಗಳು ಬಂದು ಅಲ್ಲಿ ಗೊರಗೊರ ಎನ್ನುತ್ತಿದ್ದವು, ಹಳೇ ಪಾತ್ರೆಯವನು ಗಂಟಲು ಹರಿಯುವಂತೆ ಕೂಗುತ್ತಿದ್ದ.

ಅಲ್ಲಿ ಗಿಡ ನೆಟ್ಟರು, ಆಡು ತಿಂದವು. ಬೆಂಚು ಹಾಕಿದರು, ಹರಟೆಯವರು ಬಂದು ಕೂತರು. ಕೊನೆಗೆ ಓಣಿಯ ಸಂಘದ ಕಾರ್ಯದರ್ಶಿಯಾಗಿ ಗೋರಖನಾಥರು ಒಂದು ಉಪಾಯ ತೆಗೆದರು: ಕಲ್ಲಿನ ಅಮೂರ್ತ ಶಿಲ್ಪ! ದೇವರನ್ನು ಕೂರಿಸಿದರೆ ಭಜನೆ ಬರುತ್ತದೆ, ನಾಯಕರನ್ನು ನಿಲ್ಲಿಸಿದರೆ ಭಾಷಣ ಬರುತ್ತದೆ. ಏನೂ ಅಲ್ಲದ ಮೂರ್ತಿಯ ಮುಂದೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಸುಮ್ಮನೆ ನಿಂತು ಹೋಗುತ್ತಾರೆ.

ಕೆತ್ತುವ ಕೆಲಸ ಜನವಾಡದ ಜುಲ್ಫೀಕಾರನಿಗೆ ಹೋಯಿತು. ಅವನ ಅಜ್ಜ ಮನೆಮನೆಗೆ ತಿರುಗಿ ಸವೆದ ಬೀಸುವ ಕಲ್ಲಿಗೆ ಚಾಣ ಹೊಡೆದು ಒರಟು ಮಾಡಿ ಕೊಡುತ್ತಿದ್ದವನು. ಮೊಮ್ಮಗ ಕಲಬುರಗಿಗೆ ಹೋಗಿ ಕಲೆ ಕಲಿತು ಬಂದಿದ್ದ. ಎರಡು ತಿಂಗಳಲ್ಲಿ ಕರಿಕಲ್ಲು ಸಿದ್ಧವಾಯಿತು. ಕೆಳಗೆ ಚಪ್ಪಟೆ ಗುಂಡು. ಅದರ ಮೇಲೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಾದ ಮತ್ತೊಂದು ಗುಂಡು, ಅದರ ನಡುವೆ ಮೇಲಿನಿಂದ ಕೆಳಗೆ ಒಂದು ತೂತು. ಹೆಸರು ‘ಮೌನ’.

ಉದ್ಘಾಟನೆಯ ದಿನ ಬೆಳಿಗ್ಗೆ ಗಾಂಧಿ ಗಂಜ್ ಮಾರುಕಟ್ಟೆಯ ನಾಲ್ವರು ಹಮಾಲರು ಕಲ್ಲನ್ನು ಇಳಿಸಿ, ಒಂದರ ಮೇಲೊಂದು ಕೂಡಿಸಿದರು. ಗೋರಖನಾಥರು ಇನ್ನೂ ಬೆವರು ಒರೆಸಿಕೊಂಡಿರಲಿಲ್ಲ, ಎದುರು ಮನೆಯ ದವಸದ ಅಡತಿ ವ್ಯಾಪಾರಿ ಮನ್ಮಥಪ್ಪ ಬಂದೇಬಿಟ್ಟರು.

“ಏನ್ರಿ ಇದು? ನಮ್ ಮನಿ ಕಡಿ ಬೆನ್ನ ಮಾಡಿ ಕೂಡ್ಸೀರಲ್ರಿ! ಇವತ್ತ ಭಾಲ್ಕಿಯಿಂದ ಬೀಗರು ನಮ್ ಮಗಳು ಸಪನಾನ ನೋಡಲಾಕ ಬರ್ಲಾಕತ್ತಾರ. ಬಾಗಲಾಗ ಕಲ್ಲೇ ಮಾರಿ ತಿರಗಿಸ್ಕೊಂಡ್ ಕೂತ್ರ ಅವ್ರ ಏನ್ ತಿಳ್ಕೋಬೇಕು?”

“ಅದಕ್ಕ ಬೆನ್ನೇ ಇಲ್ರಿ.”

“ಬೆನ್ನಿಲ್ದ ಹ್ಯಾಂಗ ಇರ್ತದ್ರಿ? ಉಬ್ಬಿದ್ದು ಹೊಟ್ಟಿ, ತಗ್ಗಿದ್ದು ಬೆನ್ನ. ನನ್ನೇ ನೋಡ್ರಿ!” ಎಂದು ಮನ್ಮಥಪ್ಪ ಓರೆಯಾಗಿ ನಿಂತು ತೋರಿಸಿದರು. ಸಾಕ್ಷಿ ಗಟ್ಟಿಯಾಗಿಯೇ ಇತ್ತು. ಹಮಾಲರು ಮೇಲಿನ ಕಲ್ಲನ್ನು ಎತ್ತಿ ತಿರುಗಿಸಿದರು.

ಪಕ್ಕದ ಮನೆಯ ಹಾಜಿರಾಬೀ ಚಹಾದ ಬಶಿ ಹಿಡಿದೇ ಹೊರಗೆ ಬಂದರು. “ಅರೆ ಭೈಯಾ, ಈಗ ನನ್ ಕಡಿ ನೋಡ್ಲಾಕತ್ತಿತ್ತು. ಚಾ ಕುಡಿಯೋದ್ರಾಗ ರೂಠ್ ಆಗಿ ಮಾರಿ ತಿರಗಿಸ್ಯದಲ್ಲ! ನಾ ಏನ್ ಅಂದೀನಿ ಅದಕ್ಕ?”

ಮತ್ತೆ ತಿರುಗಿಸಿದರು. ಅಷ್ಟರಲ್ಲಿ ಮೂರನೆಯ ಮನೆಯ ಮಹಾಮಾಯಾ ಟೀಚರ್ ಕನ್ನಡಕ ಏರಿಸಿ ತೀರ್ಪು ಕೊಟ್ಟರು: “ಉಬ್ಬಿದ್ದು ಹೊಟ್ಟಿ ಅಲ್ರಿ, ಗೂನು. ಇಷ್ಟೊತ್ತು ನೀವಿಬ್ರೂ ಬೆನ್ನಿಗಿ ಜಗಳಾಡೀರಿ.”

ಈಗ ಇಬ್ಬರಿಗೂ ತಗ್ಗಿನ ಕಡೆಯೇ ಬೇಕಾಯಿತು. ಹಮಾಲರ ಹಿರಿಯ ತಲೆಯ ಸಿಂಬಿ ಬಿಚ್ಚಿ ಕೊಡವಿದ. “ತೊಗರಿ ಚೀಲ ಒಮ್ಮಿ ಇಳಿಸಿದ್ರ ಇಳಿದಂಗ. ಅದು ನಮಗ ಆ ಕಡಿ ಕೂಡ್ಸು, ಈ ಕಡಿ ಕೂಡ್ಸು ಅನ್ನಲ್ರಿ. ನಾವ್ ಬರ್ತೀವಿ,” ಎಂದವನೇ ತಂಡ ಕಟ್ಟಿಕೊಂಡು ನಡೆದುಬಿಟ್ಟ.

“ಸಂಜಿತನಾ ನೋಡ್ತೇನಿ,” ಎಂದರು ಮನ್ಮಥಪ್ಪ. “ಬಗಿಹರಿಲಿಲ್ಲಂದ್ರ ಕಲ್ಲು ಎತ್ತಿಸಿ ಒಗಸ್ತೇನಿ. ಆ ಜಾಗಾದಾಗ ನನ್ ಎರಡೂ ಲಾರಿ ನಿಲ್ತಾವ.”

ಲಾರಿ! ಗೋರಖನಾಥರ ಮುಖ ಠಸ್ಸೆ ಬೀಳದ ಲಕೋಟೆಯ ಹಾಗೆ ಬಿಳುಚಿತು. ಫೋನು ಹೋಯಿತು, ಜುಲ್ಫೀಕಾರ ಸ್ಕೂಟರಿನಲ್ಲಿ ಹಾರಿಬಂದ.

“ಮುಂದು ಯಾವ್ದು, ಹಿಂದು ಯಾವ್ದು, ಹೇಳಿಬಿಡಪ್ಪಾ!”

“ಎರಡೂ ಇಲ್ರಿ ಸಾಹೇಬ್ರ. ನೀವು ಎಲ್ಲಿ ನಿಂತೀರೋ ಅದೇ ಮುಂದು.”

ಈ ಮಾತನ್ನು ಯಾರೂ ಒಪ್ಪಲಿಲ್ಲ. ಜುಲ್ಫೀಕಾರ ಕಲ್ಲಿನ ಸುತ್ತ ಮೂರು ಸುತ್ತು ಬಂದು ಚಾಣ ಸುತ್ತಿಗೆ ಕೈಗೆತ್ತಿಕೊಂಡ. ಓಣಿಯ ಗಂಡಸರಿಂದ ಮೇಲಿನ ಕಲ್ಲನ್ನು ಎತ್ತಿಸಿ ಇಳಿಸಿದ. ಕೆಳಗಿನದರ ನಡುವೆ ಕಬ್ಬಿಣದ ಗೂಟ ಹುಗಿದು, ನುಣ್ಣಗಿದ್ದ ಎರಡೂ ಮೈಗೆ ಟಕಟಕ ಚಾಣ ಹೊಡೆದ. “ಜಾರಬಾರದಲ್ರಿ,” ಎಂದ. ಮೇಲಿನ ಕಲ್ಲಿನ ತೂತನ್ನು ಗೂಟಕ್ಕೆ ಕೂಡಿಸಿ, ಸುತ್ತಿನಲ್ಲಿ ಎರಡು ಮರದ ಹಿಡಿಕೆ ಬಡಿದ. ಇಬ್ಬರು ಕೈಹಚ್ಚಿದರೆ ಕಲ್ಲು ಗರ್ರನೆ ತಿರುಗಿತು. ಯಾರಿಗೆ ಯಾವ ಕಡೆ ಬೇಕೋ ತಿರುಗಿಸಿಕೊಳ್ಳಲಿ! ಓಣಿಯೇ ಚಪ್ಪಾಳೆ ತಟ್ಟಿತು. ಆ ಗದ್ದಲದಲ್ಲಿ ಅಂದಿನ ನಿದ್ದೆ ಹೋಗಿದ್ದರೂ, ನಾಳೆಯಿಂದ ಶಾಂತಿ ಎಂದು ಗೋರಖನಾಥರು ಉಸಿರು ಬಿಟ್ಟರು.

ಐದು ಗಂಟೆಗೆ ಔರಾದಿನಿಂದ ಮುಖ್ಯ ಅತಿಥಿ ಉಮಾಶ್ರೀ ಬಂದರು. ಅಲ್ಲಿ ಮಹಿಳಾ ಸಂಘಗಳನ್ನು ನೋಡಿಕೊಳ್ಳುವ ಅಧಿಕಾರಿ. ಕೆಲಸಕ್ಕೆ ಬರುವ ವಸ್ತು ಕಂಡರೆ ಬಿಡದ ಹೆಂಗಸು. ಭಾಲ್ಕಿಯ ಬೀಗರೂ ಫಲಾರದ ತಟ್ಟೆ ಬಿಟ್ಟು ನೋಡಲು ಬಂದರು. ಅವರೆದುರು ದೊಡ್ಡಸ್ತಿಕೆ ತೋರಿಸಬೇಕಲ್ಲ, ಮನ್ಮಥಪ್ಪ ಒಂದು ಸೇರು ತೊಗರಿ ತರಿಸಿದರು. ಬೇಳೆ ಮಾಡಲೆಂದು ಎಣ್ಣೆ ಹಚ್ಚಿ ಒಣಗಿಸಿಟ್ಟಿದ್ದ ಚಿಂತಾಕಿಯ ತೊಗರಿ.

“ಹೂ ಬಾಡ್ತಾವ ಮೇಡಂ. ಕಾಳ ಹಾಕ್ರಿ, ಶುಭ ಅದ.”

ಉಮಾಶ್ರೀ ಬೊಗಸೆ ತುಂಬ ತೊಗರಿ ಕಲ್ಲಿನ ಮೇಲೆ ಸುರಿದರು. ಕಾಳು ಗುಳುಗುಳು ಉರುಳಿ ತೂತಿನೊಳಗೆ ಇಳಿದವು. ಅವರೊಂದು ಹಿಡಿಕೆ, ಹಾಜಿರಾಬೀ ಒಂದು ಹಿಡಿಕೆ ಹಿಡಿದು ಶಿಲ್ಪವನ್ನು ತಿರುಗಿಸಿದರು.

ಗರ್ರ್... ಗರ್ರ್...

ಎರಡು ಕಲ್ಲಿನ ಸಂದಿಯಿಂದ ಸುತ್ತಲೂ ಹಳದಿ ಬೇಳೆ ಉದುರಿತು.

ಆ ಜಾಗಕ್ಕೆ ಮೌನ ಬಂದದ್ದು ಅದೇ ಮೊದಲು, ಅದೇ ಕೊನೆ.

ಹಾಜಿರಾಬೀ ಬಗ್ಗಿ ಒಂದು ಹಿಡಿ ಎತ್ತಿ ಊದಿ ನೋಡಿದರು. “ಯಾ ಅಲ್ಲಾ! ಒಂದ ಕಾಳೂ ನುಚ್ಚಾಗಿಲ್ಲ!”

ಜುಲ್ಫೀಕಾರ ತನ್ನ ಕೈಗಳನ್ನೇ ನೋಡಿಕೊಂಡ. “ಬೇಕಂತ ಮಾಡಿಲ್ರಿ ಸಾಹೇಬ್ರ. ಚಾಣ ಹಿಡದ ಕೂಡ್ಲೇ ಕೈ ತಾವೇ ಅಜ್ಜನ ಲೆಕ್ಕಕ್ಕ ಹೋಗ್ಯಾವ.”

“ಜನರ ಕೈಗೆ ಸಿಕ್ಕ ಕಲೆ ಅಂದ್ರ ಇದು!” ಉಮಾಶ್ರೀ ಮೈಕಿನಲ್ಲೇ ಕೂಗಿದರು. “ಈ ಓಣಿ ಹೆಣ್ಮಕ್ಳದು ಇವತ್ತೇ ಒಂದು ಬೇಳೆ ಸಂಘ ಮಾಡೋಣು. ದಿನಾ ಯಾವಾಗ ಬೀಸ್ತೀರಿ?”

“ಮುಂಜಾನಿ ಅಡಗಿ, ಸಾಲಿ ಇರ್ತದ್ರಿ,” ಎಂದರು ಮಹಾಮಾಯಾ ಟೀಚರ್‌ರ ಅತ್ತೆ.

“ಸಂಜಿಕ್ಕ ನೀರ್ ಬರ್ತದ,” ಎಂದರು ಹಾಜಿರಾಬೀ.

ಗೋರಖನಾಥರು ಬಾಯಿ ತೆರೆಯುವುದರೊಳಗೆ ಹೆಂಗಸರೆಲ್ಲ ಒಂದೇ ದನಿಯಲ್ಲಿ ತೀರ್ಮಾನ ಮಾಡಿದರು: “ಎರಡರಿಂದ ನಾಕು!”

ಗೋರಖನಾಥರು ಕೊನೆಯ ಆಸರೆಯೆಂಬಂತೆ ಹೆಂಡತಿಯ ಕಡೆ ನೋಡಿದರು. ಅವರ ನಿದ್ದೆಯ ಬೆಲೆ ಬಲ್ಲವಳು ಈ ಲೋಕದಲ್ಲಿ ಅವಳೊಬ್ಬಳೇ.

ಶೇವಂತಾಬಾಯಿ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಉದುರಿದ ಬೇಳೆಯನ್ನು ಮೊರದಲ್ಲಿ ಕೇರುತ್ತಿದ್ದಳು.

“ನಾಳಿ ಮೊದಲ್ನೇ ಪಾಳಿ ನಂದೇ ಬಂದದ್ರಿ,” ಎಂದಳು ಸಂಭ್ರಮದಿಂದ. “ಆದ್ರ ಒಬ್ಬಾಕಿಗಿ ತಿರಗಲ್ಲ ಆ ಕಲ್ಲು. ಮಧ್ಯಾನ್ದಾಗ ನೀವು ಹ್ಯಾಂಗೂ ಖಾಲಿನೇ ಇರ್ತೀರಲ್ಲ?”