ಸಮಿತಿ ಕಂಡ ಕುರ್ಚಿಗಳು

ತೊಂದರೆಯೆಲ್ಲ ಶುರುವಾದದ್ದು ಸಾಹೇಬರು ಓಡುವ ರೈಲಿನಿಂದ ಫೋನು ಮಾಡಿದ್ದರಿಂದ. ಜನನ ಮರಣ ನೋಂದಣಿ ಕಚೇರಿಯ ಗುಮಾಸ್ತರಿಗೆ ಮೊದಲೇ ಗಡಿಬಿಡಿಯಪ್ಪ ಎಂದು ಅಡ್ಡಹೆಸರು. ಅದರ ಮೇಲೆ ರೈಲಿನ ಗಡಗಡ.

"ಮಧ್ಯಾಹ್ನ ಸಂಸತ್ತಿನ ಲೆಕ್ಕಪತ್ರ ಸಮಿತಿ ಬರುತ್ತೆ ಕಣ್ರೀ! ಸರ್ಕಾರದ ದುಡ್ಡು ಎಲ್ಲಿ ಹೋಯ್ತು ಅಂತ ನೋಡ್ತಾರೆ. ಕುರ್ಚಿ ಎಲ್ಲಾ ತೋರಿಸ್ಬೇಕು! ಕಮ್ಮಿ ಬಿತ್ತೋ, ನಿಮಗೆ ವರ್ಗ ಗ್ಯಾರಂಟಿ!"

ವರ್ಗವೊಂದನ್ನು ಬಿಟ್ಟು ಗುಮಾಸ್ತರು ಏನನ್ನು ಬೇಕಾದರೂ ತಾಳುತ್ತಿದ್ದರು. ಮದುವೆಯಾದಾಗಿನಿಂದ ಅವರದೊಂದು ಊರು, ಟೀಚರಾದ ಹೆಂಡತಿಯದೊಂದು ಊರು. ಒಂದೇ ಮನೆಯಲ್ಲಿ ಕೂತು ಜಗಳವಾಡುವ ಭಾಗ್ಯ ಬಂದದ್ದೇ ಈಚೆಗೆ.

ಕಚೇರಿಯಲ್ಲಿದ್ದ ಕುರ್ಚಿಗಳು ಮೂರು. ಅದರಲ್ಲಿ ಒಂದಕ್ಕೆ ಕಾಲೂ ಮೂರೇ. ಹುಟ್ಟಿದವರ ಅಪ್ಪಂದಿರೂ ಸತ್ತವರ ಮಕ್ಕಳೂ ನಿಂತೇ ಅರ್ಜಿ ಬರೆಯುತ್ತಿದ್ದರು. ಗುಮಾಸ್ತರು ಬೀದಿಗೆ ಓಡಿದರು.

"ನಮ್ಮದು ತಿರುಗೋ ಕುರ್ಚಿ ಸ್ವಾಮಿ, ಸಮಿತಿಯೋರು ಬಾಯಿ ಬಿಡಬೇಕು!" ಎಂದು ಎದುರಂಗಡಿಯ ಕ್ಷೌರಿಕ ಉಬ್ಬಿದ. ಗಿರಾಕಿ ಅರ್ಧ ಮುಖದ ನೊರೆಯೊಂದಿಗೆ ಕುರ್ಚಿಯ ಹಿಂದೆಯೇ ನಡೆದು ಬಂದ. ಮಹಡಿಯ ಹಲ್ಲಿನ ಡಾಕ್ಟರು ಬೆಂಚು ಕೊಟ್ಟರು, ಅದರ ಮೇಲೆ ಕಾಯುತ್ತಿದ್ದವರ ಸಮೇತ. ಪಕ್ಕದ ಮನೆಯ ಅಜ್ಜಿ ತನ್ನ ಕುರ್ಚಿ ಕಳಿಸಿ, ಗುಮಾಸ್ತರ ಮೇಲೆ ನಂಬಿಕೆ ಸಾಲದೆ ತಾನೂ ಬಂದು ಅದರಲ್ಲಿ ಕೂತಳು. ಕೊನೆಗೆ ಹೆಂಡತಿ ಊಟದ ಮೇಜಿನ ಎರಡು ಕುರ್ಚಿ ಹೊತ್ತು ತಂದಳು.

"ರೀ, ಮನೇಲಿ ಇನ್ನು ನೆಲವೇ ಗತಿ."

"ವರ್ಗ ಆದ್ರೆ ಮತ್ತೆ ಫೋನೇ ಗತಿ ಕಣೇ!"

ಆಕೆ ಕುರ್ಚಿ ಒರೆಸತೊಡಗಿದಳು.

ಸಮಿತಿಯೂ ಸಾಹೇಬರೂ ಒಟ್ಟಿಗೇ ಬಂದಿಳಿದರು. ಒಳಗೆ ಇಣುಕಿದ ಸಾಹೇಬರು ಬೆಚ್ಚಿದರು.

"ಇದೇನ್ರೀ, ನಾಟಕ ಏನಾದ್ರೂ ಇದೆಯಾ?"

"ನೀವೇ ಕುರ್ಚಿ ತೋರಿಸಿ ಅಂದ್ರಲ್ಲ ಸಾರ್?"

"ಖರ್ಚು ಅಂದೆ ಕಣ್ರೀ, ಖರ್ಚು!"

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷೆ ಬಾಯಿ ತೆರೆದರು.

"ಕುರ್ಚಿ ಕೊಳ್ಳೋಕೆ ಸಂಸತ್ತು ಒಪ್ಪಿದ ಹಣ ಪ್ರತಿ ವರ್ಷ ಹಾಗೇ ವಾಪಸ್ ಬರ್ತಿದೆ. ಯಾಕೆ ಅಂತ ಕೇಳೋಕೇ ಬಂದ್ವಿ. ಖರ್ಚೇ ಮಾಡದೆ ಇಷ್ಟು ಕುರ್ಚಿ ಎಲ್ಲಿಂದ ಬಂತು?"

ಸಾಹೇಬರು ಕೆಮ್ಮಿದರು. ಕುರ್ಚಿಯ ಕಡತ ಅವರ ಸಹಿಗಾಗಿ ಕಾದು ಧೂಳು ತಿನ್ನುತ್ತಿತ್ತು. "ಎಲ್ಲಾ ಇವರೇ ಮೇಡಂ" ಎಂದು ಗುಮಾಸ್ತರನ್ನು ಮುಂದೆ ನೂಕಿದರು.

ಗುಮಾಸ್ತರಿಗೆ ಸುಳ್ಳೇ ಹೊಳೆಯಲಿಲ್ಲ. "ಅಕ್ಕಪಕ್ಕದವರನ್ನ ಕೇಳಿ ತಂದೆ ಮೇಡಂ."

"ಕೇಳಿದ್ರಾ ಇವರ ಮಾತು?" ಅಧ್ಯಕ್ಷೆ ಸದಸ್ಯರ ಕಡೆ ತಿರುಗಿದರು. "ಸರ್ಕಾರಕ್ಕೆ ಕಾಸು ಖರ್ಚಿಲ್ಲ, ಜನರೇ ಕುರ್ಚಿ ಹೊತ್ತು ತರ್ತಾರೆ! ನಮ್ಮ ವರದೀಲಿ ಇವರ ಹೆಸರು ಬರಲೇಬೇಕು."

ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಬದುಕಿದೆಯಾ ಬಡಜೀವವೇ ಎಂದು ಗುಮಾಸ್ತರು ಹೆಂಡತಿಯತ್ತ ನೋಡಿ ನಕ್ಕರು. ಆಕೆಯೂ ನಕ್ಕಳು.

"ಇಂಥವರನ್ನ ಒಂದೇ ಊರಲ್ಲಿ ಇಡೋದೇ ದುಂದುವೆಚ್ಚ," ಎಂದು ಅಧ್ಯಕ್ಷೆ ಮುಂದುವರಿಸಿದರು. "ದೇಶದ ಎಲ್ಲ ಕಚೇರಿಗೂ ಹೋಗಿ ಇದನ್ನ ಕಲಿಸಲಿ. ತಿಂಗಳಿಗೊಂದು ಊರು. ಇದು ಸಮಿತಿಯ ಶಿಫಾರಸು."

ಸಾಹೇಬರು ನಿಂತ ನಿಲುವಿನಲ್ಲೇ ವರ್ಗದ ಆದೇಶ ಬರೆದು ಸಹಿ ಹಾಕಿದರು.

ಹೆಂಡತಿ ಊಟದ ಮೇಜಿನ ಕುರ್ಚಿಗಳಲ್ಲಿ ತನ್ನದೊಂದನ್ನು ಮಾತ್ರ ಎತ್ತಿಕೊಂಡಳು. "ನಿಮ್ಮದು ಇಲ್ಲೇ ಇರಲಿ ಬಿಡಿ. ಮನೇಲಿ ಇನ್ನು ಅದರಲ್ಲಿ ಕೂರೋರು ಯಾರಿದಾರೆ?"