ಕಿತ್ತೆಸೆದ ಟೇಪು ಎಷ್ಟು ಸುತ್ತಿತ್ತು?

ಗ್ರಾಮಫೋನ್ ಪ್ಲೇಟು ಹಾಡಿಸುವ ಹಳೆಯ ಟರ್ನ್‌ಟೇಬಲ್‌ಗಳಿಗೆ ಹೊಸ ಜನ್ಮ ಕೊಡುವ ಸಂಸ್ಥೆಯ ಮುಖ್ಯಸ್ಥರಿಗೆ, ಮೇಲ್ವಿಚಾರಕರಿಗೆ, ಮತ್ತು ಅಲ್ಲಿ ಬಿಳಿ ಕೈಗವಸು ತೊಟ್ಟು ಸ್ಕ್ರೂಡ್ರೈವರ್ ಹಿಡಿಯುವ ಸಮಸ್ತ ಮಹನೀಯರಿಗೆ:

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಗಾಜಿನ ಕೋಣೆಗೂ, ಆ ಕೋಣೆಯಲ್ಲಿ ಹೊಸ ಬೆಲ್ಟು ಬಿಗಿಸಿಕೊಂಡು, ಹೊಸ ಮುಳ್ಳು ಹಾಕಿಸಿಕೊಂಡು, ಮೈಯೆಲ್ಲ ತಿಕ್ಕಿಸಿಕೊಂಡು, ಒಂದು ದಿನವೂ ಒಂದು ಹಾಡು ಹಾಡದೆ ಸಾಲಾಗಿ ಕೂತಿರುವ ಅರವತ್ತು ಟರ್ನ್‌ಟೇಬಲ್‌ಗಳಿಗೂ ನನ್ನ ನಮಸ್ಕಾರಗಳು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಲವತ್ತಾರು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡಿದವನು. ರಜೆಯ ದಿನಗಳಲ್ಲಿ ಜನ ಕಸವೆಂದು ಬೀದಿಗಿಟ್ಟ ಟರ್ನ್‌ಟೇಬಲ್‌ಗಳನ್ನು ಹೊತ್ತು ತಂದು, ಹೆಂಡತಿ ಕೈಲಿ ಬೈಸಿಕೊಂಡು, ಏಳನ್ನು ಮತ್ತೆ ಹಾಡಿಸಿದವನು. ಇಂಥ ಪತ್ರ ಬರೆಯುವ ರೀತಿನೀತಿ ನನಗೆ ಗೊತ್ತಿಲ್ಲ. ಎಲ್ಲಾದರೂ ಮರ್ಯಾದೆ ಕಡಿಮೆಯಾಗಿದ್ದರೆ ಅದು ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು ಎಂದು ತಿಳಿಯಬೇಕಾಗಿ ವಿನಂತಿ.

ಹೋದ ತಿಂಗಳು ನಾನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಎರಡು ವಾರ ಮಗಳ ಮನೆಯಲ್ಲಿದ್ದೆ. ಆ ಹೊತ್ತು ನೋಡಿ ನನ್ನ ಅಳಿಯ, ಮಾವನಿಗೆ ಸಂತೋಷವಾಗಲೆಂದು, ನನ್ನ ಏಳು ಟರ್ನ್‌ಟೇಬಲ್‌ಗಳಲ್ಲಿ ಅತ್ಯಂತ ಹಳೆಯದನ್ನು ನಮ್ಮ ನಡುಮನೆಯ ಮೂಲೆಯಿಂದ ಎತ್ತಿಕೊಂಡು ಬಂದು ತಮ್ಮ ಕೈಗೊಪ್ಪಿಸಿದ. ಅಳಿಯ ಬಹಳ ಒಳ್ಳೆಯವನು. ಅವನ ಮೇಲೆ ನನಗಿರುವ ದೂರು ಅದೊಂದೇ. ಹಾಳಾದ ಯಂತ್ರವನ್ನು ರಿಪೇರಿ ಮಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಚೆನ್ನಾಗಿರುವ ಯಂತ್ರವನ್ನು ಇಷ್ಟು ಶ್ರದ್ಧೆಯಿಂದ ರಿಪೇರಿ ಮಾಡಿದವರನ್ನು ಈ ವಯಸ್ಸಿನಲ್ಲಿ ಮೊದಲ ಸಲ ನೋಡುತ್ತಿದ್ದೇನೆ.

ಎಂಥ ಕೆಲಸ ತಮ್ಮದು! ಮರದ ಪೆಟ್ಟಿಗೆಗೆ ಹೊಡೆದಿರುವ ಪಾಲಿಶ್ ಎಷ್ಟು ಚೆನ್ನಾಗಿದೆಯೆಂದರೆ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು. ನಮ್ಮ ಬಚ್ಚಲಿನ ಕನ್ನಡಿಗಿಂತ ವಾಸಿ. ತಿರುಗುವ ತಟ್ಟೆಯ ಕೆಳಗೆ ಯಾರೂ ಕೇಳದ ಒಂದು ನೀಲಿ ದೀಪ ಹಚ್ಚಿದ್ದೀರಿ. ಹಾಡು ಕೇಳಲು ಕೂತವನು ಆ ಬೆಳಕಿನಲ್ಲಿ ಏನು ಹುಡುಕಬೇಕೋ ತಾವೇ ಬಲ್ಲಿರಿ. ಜತೆಗೆ, ಹಾಡನ್ನು ಕೇಳುವುದು ಹೇಗೆ ಎಂದು ಇಪ್ಪತ್ನಾಲ್ಕು ಪುಟದ ಪುಸ್ತಕ ಬೇರೆ. ಬೆನ್ನು ನೆಟ್ಟಗಿರಲಿ, ಮನಸ್ಸು ಖಾಲಿಯಿರಲಿ ಎಂದು ಅದರ ಮೂರನೇ ಪುಟ ಹೇಳುತ್ತದೆ. ಮನಸ್ಸನ್ನು ಖಾಲಿ ಇಟ್ಟುಕೊಂಡು ಕೆಲಸ ಮಾಡುವ ವಿದ್ಯೆಯಲ್ಲಿ ತಮ್ಮ ಸಂಸ್ಥೆ ಎಷ್ಟು ಮುಂದುವರಿದಿದೆ ಎಂಬುದು, ಚಿನ್ನದ ಬಣ್ಣದ ಅಂಚಿರುವ ತಮ್ಮ ವರದಿಯ ಒಂಬತ್ತನೇ ಸಾಲಿಗೆ ಬಂದಾಗ ನನಗೆ ಖಾತ್ರಿಯಾಯಿತು: "ಮೋಟಾರಿನ ಕಡ್ಡಿಗೆ ಅಂಟಿಕೊಂಡಿದ್ದ ಹೊರವಸ್ತುವನ್ನು ತೆಗೆದು ಶುಚಿಗೊಳಿಸಲಾಗಿದೆ."

ಮಹಾಸ್ವಾಮಿಗಳೇ, ಆ ಹೊರವಸ್ತು ನಾನೇ ಕೈಯಾರೆ ಸುತ್ತಿದ ಟೇಪು.

ಯಾಕೆ ಸುತ್ತಿದ್ದೆ ಎಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನನ್ನ ತಂಗಿ ಹತ್ತೊಂಬತ್ತರ ವಯಸ್ಸಿನಲ್ಲಿ, ರೈಲು ನಿಲ್ದಾಣದ ಪಕ್ಕದಲ್ಲಿದ್ದ ಒಂದು ಗೂಡಂಗಡಿಯಲ್ಲಿ, ನಿಂತು ಹಾಡಿದವರಿಗೆ ಅಲ್ಲೇ ಪ್ಲೇಟು ಕೊರೆದುಕೊಡುತ್ತಿದ್ದ ಕಾಲದಲ್ಲಿ, ಪೇಟಿಯಿಲ್ಲದೆ ಪಿಟೀಲಿಲ್ಲದೆ ಒಬ್ಬಳೇ ಒಂದು ಹಾಡು ಹಾಡಿದಳು. ಅವಳು ಹಾಡಿದ್ದರಲ್ಲಿ ಉಳಿದಿರುವುದು ಆ ಪ್ಲೇಟೊಂದೇ. ಅವತ್ತು ಅಲ್ಲಿನ ಕೊರೆಯುವ ಯಂತ್ರ ತಲೆಕೆಟ್ಟು ಜೋರಾಗಿ ತಿರುಗುತ್ತಿತ್ತು. ಜೋರಾಗಿ ತಿರುಗಿಸಿ ಕೊರೆದ ಪ್ಲೇಟನ್ನು ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಎಳೆದಾಡುತ್ತದೆ, ದನಿ ದಪ್ಪವಾಗುತ್ತದೆ. ಇದಕ್ಕೆ ಐದನೇ ಕ್ಲಾಸೂ ಬೇಕಾಗಿಲ್ಲ. ಆದ್ದರಿಂದ ನಾನು ಮೋಟಾರಿನ ಕಡ್ಡಿಗೆ ಕಾರ್ಖಾನೆಯ ಬಟ್ಟೆಟೇಪು ಸುತ್ತಿ ದಪ್ಪ ಮಾಡಿದೆ. ಕಡ್ಡಿ ದಪ್ಪವಾದರೆ ಬೆಲ್ಟು ಜೋರಾಗಿ ಓಡುತ್ತದೆ, ತಟ್ಟೆಯೂ ಜೋರಾಗಿ ತಿರುಗುತ್ತದೆ. ಎಷ್ಟು ಸುತ್ತಬೇಕೆಂಬುದಕ್ಕೆ ನಮಗೆ ಯಾವ ಮೀಟರೂ ಇರಲಿಲ್ಲ. ತಂಗಿಯೇ ಪಕ್ಕದಲ್ಲಿ ನಿಂತು, ಪ್ಲೇಟಿನ ಜತೆ ತಾನೂ ಹಾಡುತ್ತಾ, "ಇನ್ನೂ ಗಂಡಸಿನ ಥರಾ ಇದ್ದೀನಿ ಕಣೋ ಅಣ್ಣಾ, ಇನ್ನೊಂಚೂರು ಸುತ್ತು" ಎನ್ನುತ್ತಾ, ಜಾಸ್ತಿಯಾದಾಗ "ಥೂ, ಇಲಿಮರಿ ಮಾಡಿಬಿಟ್ಯಲ್ಲೋ" ಎಂದು ಬೈಯುತ್ತಾ ಇದ್ದಳು. ನಾನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯೊಳಗಿನ ದನಿಯೂ ಹೊರಗಿನ ದನಿಯೂ ಒಂದರ ಮೇಲೊಂದು ಕೂತು, ಯಾವುದು ಪ್ಲೇಟು ಯಾವುದು ತಂಗಿ ಎಂದು ಗೊತ್ತಾಗದಂತಾಯಿತು. ಅಲ್ಲಿಗೆ ನಿಲ್ಲಿಸಿದೆ. ಎಣಿಸಲಿಲ್ಲ. ಯಾಕೆ ಎಣಿಸಬೇಕಿತ್ತು? ಟೇಪು ಅಲ್ಲೇ ಇತ್ತಲ್ಲ, ನಲವತ್ತು ವರ್ಷ.

ಮೂರು ವರ್ಷದ ಹಿಂದೆ ಡಾಕ್ಟರು ಆಪರೇಷನ್ ಮಾಡಿ ತಂಗಿಯ ಗಂಟಲು ಕೊಯ್ದರು. ಜೀವ ಉಳಿಯಿತು, ದನಿ ಹೋಯಿತು. ಈಗ ಅವಳದು ಬರೀ ಪಿಸುಮಾತು. ಹೆಂಡತಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೆ ಅದೂ ಕೇಳಿಸುವುದಿಲ್ಲ.

ಇನ್ನು ತಮ್ಮ ಕೈಚಳಕದ ಫಲ. ಹೋದ ಭಾನುವಾರ ಮಗಳು, ಅಳಿಯ, ತಂಗಿ ಎಲ್ಲ ಸೇರಿದ್ದರು. ಅಳಿಯ ಮದುವೆಯ ದಿನ ನಿಂತಿದ್ದ ಹಾಗೆ ಕೈಕಟ್ಟಿಕೊಂಡು ನಿಂತಿದ್ದ. ನೀಲಿ ದೀಪ ಹತ್ತಿತು, ಪ್ಲೇಟು ತಿರುಗಿತು, ಶೀತವಾದ ಒಬ್ಬ ಗಂಡಸು ಹಾಡತೊಡಗಿದ. ತಂಗಿ ಕೊನೆಯತನಕ ಕೇಳಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಯಾರಣ್ಣಾ ಇದು, ಅಪ್ಪನಾ?" ಎಂದಳು. ನಮ್ಮಪ್ಪ ಹುಟ್ಟಿದಾಗಿನಿಂದ ಒಂದು ಸಾಲು ಹಾಡಿದವನಲ್ಲ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಸದ್ದಿಲ್ಲದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಊಟಕ್ಕೂ ನಿಲ್ಲದೆ ಹೊರಟುಹೋದಳು.

ನಾನು ತಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದ ಮಹನೀಯರ ತಾಳ್ಮೆಯನ್ನು ಹೊಗಳದೆ ಇರಲಾರೆ. "ಸರ್, ಮಿಷನ್ ಪಕ್ಕಾ ಓಡ್ತಾ ಇದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಿಮ್ಮ ಪ್ಲೇಟೇ ತಪ್ಪು" ಎಂದರು. ಪ್ಲೇಟಿನಲ್ಲಿರೋದು ನನ್ನ ತಂಗಿ ಕಣಪ್ಪಾ ಎಂದೆ. "ಹಾಗಾದ್ರೆ ಅವರು ಹಾಡಿರೋ ಸ್ಪೀಡೇ ತಪ್ಪು ಸರ್" ಎಂದರು. ಸಿಟ್ಟು ನುಂಗುವುದು ನನಗೆ ಅಭ್ಯಾಸವಿಲ್ಲದ ಕೆಲಸ, ಆದರೂ ನುಂಗಿಕೊಂಡು, ಟೇಪು ಎಷ್ಟು ಸುತ್ತಿತ್ತು ಎಂದಷ್ಟೇ ಕೇಳಿದೆ. "ಅಯ್ಯೋ, ಗಲೀಜನ್ನ ಯಾರು ಸರ್ ಎಣಿಸ್ತಾರೆ?" ಎಂದು ಅವರು ನಕ್ಕರು. ಆಮೇಲೆ ನಾನು ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೆಂಡತಿ ಬಂದು ಫೋನು ಕಿತ್ತುಕೊಂಡಳು.

ಇಷ್ಟು ನಿಖರವಾದ ಸೇವೆ ನನ್ನೊಬ್ಬನ ಪೆಟ್ಟಿಗೆಗೆ ಮುಗಿದುಹೋಗಬಾರದು. ನಮ್ಮ ಗೋಡೆ ಗಡಿಯಾರವನ್ನು ಏಳು ನಿಮಿಷ ಮುಂದೆ ಇಟ್ಟುಕೊಂಡೇ ಈ ಮನೆಯವರು ಇಷ್ಟು ವರ್ಷ ಬಸ್ಸು ಹಿಡಿದಿದ್ದಾರೆ. ತಮ್ಮವರು ದಯಮಾಡಿಸಿ ಅದನ್ನೂ ಸರಿಮಾಡಿ ಎಲ್ಲರಿಗೂ ಬಸ್ಸು ತಪ್ಪಿಸಿಕೊಡಬೇಕು. ನನ್ನ ಅಳಿಯನ ಮೂಗಿನ ಮೇಲೆ ಬಹಳ ವರ್ಷದಿಂದ ಒಂದು ಕನ್ನಡಕ ಅಂಟಿಕೊಂಡಿದೆ, ಅವನು ಹುಟ್ಟುವಾಗ ಇರಲಿಲ್ಲ. ಅದನ್ನೂ ಹೊರವಸ್ತುವೆಂದು ಕಿತ್ತೆಸೆದು, ಮುಖಕ್ಕೆ ಪಾಲಿಶ್ ಹೊಡೆದು, ಚಿನ್ನದಂಚಿನ ವರದಿ ಕೊಡಬೇಕು. ಸಾಧ್ಯವಾದರೆ ನನ್ನ ತಂಗಿಯನ್ನು ಹತ್ತೊಂಬತ್ತಕ್ಕೆ ತಿರುಗಿಸಿ, ಆ ಗೂಡಂಗಡಿಯಲ್ಲಿ ನಿಲ್ಲಿಸಿ, ತಮ್ಮ ಯಂತ್ರಕ್ಕೆ ಒಪ್ಪುವ ವೇಗದಲ್ಲಿ ಮತ್ತೊಮ್ಮೆ ಹಾಡಿಸಬೇಕು. ತಮ್ಮಂಥವರಿಗೆ ಅದೇನು ದೊಡ್ಡದಲ್ಲ.

ಅಷ್ಟು ಪುರಸೊತ್ತಿಲ್ಲದಿದ್ದರೆ ಒಂದು ಸಣ್ಣ ಕೆಲಸವಿದೆ. ಈ ವಾರವೆಲ್ಲ ನಾನು ಹೊಸ ಟೇಪು ಸುತ್ತಿ ನೋಡಿದೆ. ಆ ಕಾಲದ ಟೇಪು ಈಗ ಸಿಗುವುದಿಲ್ಲ, ಈಗಿನದು ತೆಳ್ಳಗೆ. ತಂಗಿಯನ್ನು ಕರೆತಂದು ಕೂರಿಸಿ ಮೂರು ಸುತ್ತಿಗೆ ಇದೇನಾ ಎಂದು ಕೇಳಿದೆ, ಹೌದೆಂದು ತಲೆಯಾಡಿಸಿದಳು. ಐದಕ್ಕೆ ಕೇಳಿದೆ, ಅದಕ್ಕೂ ತಲೆಯಾಡಿಸಿದಳು. ಏಳಕ್ಕೂ. ಇದರಲ್ಲಿ ಯಾವುದು ನೀನು, ಸರಿಯಾಗಿ ಹೇಳೇ ಎಂದು ರೇಗಿದೆ. "ನೆನಪಾಗ್ತಿಲ್ಲ ಅಣ್ಣಾ, ಎಲ್ಲಾ ನಾನೇ ಅನ್ಸುತ್ತೆ" ಎಂದಳು. ಪಕ್ಕದಲ್ಲಿ ನಿಂತು ಹಾಡಿ ತೋರಿಸಲು ಈಗ ಅವಳಿಗೆ ಗಂಟಲಿಲ್ಲ. ನನಗೆ ನೆನಪಿದೆ ಎಂದುಕೊಂಡಿದ್ದೆ, ನನಗೂ ಇಲ್ಲ. ಗೂಡಂಗಡಿಯ ಪ್ಲೇಟು ಮೆತ್ತಗಿನದು, ಪ್ರತಿ ಸಲವೂ ಮುಳ್ಳು ಅದನ್ನು ಒಂದಿಷ್ಟು ಕೆರೆದುಕೊಂಡೇ ಹೋಗುತ್ತದೆ, ಅದಕ್ಕೇ ನಾವು ವರ್ಷಕ್ಕೆ ಒಂದೇ ಸಲ ಹಾಕುತ್ತಿದ್ದೆವು. ಈ ಒಂದು ವಾರದಲ್ಲಿ ಒಂಬತ್ತು ಸಲ ಹಾಕಿದ್ದೇನೆ. ಇನ್ನು ಹಾಕುವುದಿಲ್ಲ. ಅವಳ ದನಿಯ ಅಳತೆ ಈ ಭೂಮಿಯ ಮೇಲೆ ಉಳಿದಿದ್ದದ್ದು ಆ ಗಲೀಜಿನಲ್ಲಿ ಮಾತ್ರ.

ಆದ್ದರಿಂದ, ಅದನ್ನು ಕಿತ್ತ ಕೈಗವಸಿನ ಮಹನೀಯರನ್ನು ಒಂದು ಕುರ್ಚಿಯಲ್ಲಿ ಕೂರಿಸಿ. ಕುಡಿಯಲು ಏನಾದರೂ ಕೊಡಿ. ಕೈಗವಸು ಬಿಚ್ಚಿಸಿ. ಉಗುರಿಗೆ ತುದಿ ಎಲ್ಲಿ ಸಿಕ್ಕಿತು, ಒಂದೇ ಎಳೆತಕ್ಕೆ ಬಂತೋ ತುಂಡುತುಂಡಾಗಿ ಬಂತೋ, ಮೇಜಿನ ಮೇಲೆ ಬಿದ್ದ ಆ ಕಪ್ಪು ಸುರುಳಿ ಬೆರಳುದ್ದವಿತ್ತೋ ಗೇಣುದ್ದವಿತ್ತೋ, ನೆನಪು ಮಾಡಿಕೊಳ್ಳಲಿ. ನಾನು ಅವರನ್ನು ಬೈಯುವುದಿಲ್ಲ. ಉದ್ದ ಹೇಳಿದರೆ ಸಾಕು, ಸುತ್ತಿನ ಲೆಕ್ಕ ನಾನು ಹಾಕಿಕೊಳ್ಳುತ್ತೇನೆ.

ಸದ್ಯಕ್ಕೆ ತಮ್ಮ ಮೇಲೆ ಉಳಿದಿರುವಷ್ಟು ಮಾತ್ರ ವಿಶ್ವಾಸವಿರುವ,
ತಮ್ಮ ವಿಶ್ವಾಸಿ,
ಹೊಲಿಗೆ ಮಿಷನ್ ರಿಪೇರಿಯವನು

ತಾ.ಕ.: ಈ ಪತ್ರವನ್ನು ತಂಗಿಗೆ ತೋರಿಸಿದೆ. ಬೈಗುಳ ಸಾಲದು ಎಂದಳು. ಉತ್ತರ ಬರುವತನಕ ಕಾಯುವುದಿಲ್ಲವಂತೆ. ಸೋಮವಾರ ತಾನೇ ತಮ್ಮ ಕಚೇರಿಗೆ ಬಂದು, ಆ ಮಹನೀಯರ ಎದುರು ಕುರ್ಚಿ ಹಾಕಿಕೊಂಡು, ಅವರಿಗೆ ನೆನಪಾಗುವತನಕ ಕೂತಿರುತ್ತಾಳಂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ಅವಳು. ದನಿಯಿದ್ದ ಕಾಲದಲ್ಲೂ ಹುಡುಗರನ್ನು ಗದರಿಸಿದವಳಲ್ಲ, ಸುಮ್ಮನೆ ನೋಡುತ್ತಿದ್ದಳು. ಒಬ್ಬನೂ ಮಧ್ಯಾಹ್ನದ ಗಂಟೆಯತನಕ ತಡೆದುಕೊಂಡದ್ದಿಲ್ಲ.