ಉರಿಮೂತ್ರವೂ ಹೆಡ್‌ಮಾಸ್ತರ ಬೀಗದ ಕೈಯೂ

ನಾಚಿಕೆಗೆ ಮದ್ದಿಲ್ಲ ಎನ್ನುತ್ತಾರೆ. ನನ್ನ ಅನುಭವದಲ್ಲಿ ಅದು ಇರುವ ಮದ್ದನ್ನೂ ಕೆಡಿಸುತ್ತದೆ. ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನಿಂದ ಟಿ. ನರಸೀಪುರದ ಪ್ರೌಢಶಾಲೆಯೊಂದಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ವಿಜ್ಞಾನ ಪಾಠ ಹೇಳುತ್ತಿದ್ದೆ. ಟೀಚರುಗಳಿಗೆಂದಿದ್ದ ಒಂದೇ ಶೌಚಾಲಯದ ಬೀಗದ ಕೈ ಹೆಡ್‌ಮಾಸ್ತರ ಡ್ರಾಯರಿನಲ್ಲಿರುತ್ತಿತ್ತು. ಅವರೆದುರು ನಿಂತು ಅದನ್ನು ಕೇಳುವುದಕ್ಕಿಂತ ನೀರು ಕುಡಿಯದಿರುವುದೇ ಮೇಲೆಂದು ನಾವು ಮೂವರು ಹೆಂಗಸರು ತೀರ್ಮಾನಿಸಿದ್ದೆವು.

ಫಲವಾಗಿ ಮೂವರಿಗೂ ಸರದಿಯ ಮೇಲೆ ಉರಿಮೂತ್ರ. ಹಾಗೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಉಷ್ಣ' ಎನ್ನುತ್ತಿದ್ದೆವು. ಸೀರೆ ಹೋಲಿಸುವ ಉತ್ಸಾಹದಲ್ಲೇ ಮಾತ್ರೆ ಹೋಲಿಸುತ್ತಿದ್ದೆವು. ಹಿಂದಿ ಟೀಚರ್ ಕಮಲಮ್ಮನವರದು ಕೆಂಪು ಕ್ಯಾಪ್ಸೂಲಿನ ಪಕ್ಷ, ಹೊಲಿಗೆ ಟೀಚರ್ ನಾಗರತ್ನಮ್ಮನವರದು ಬಿಳಿ ಮಾತ್ರೆಯದು. ಉರಿ ನಿಂತ ಕೂಡಲೇ ಮಾತ್ರೆಯನ್ನೂ ನಿಲ್ಲಿಸಿ, ಉಳಿದದ್ದನ್ನು ಪರ್ಸಿನಲ್ಲಿಟ್ಟುಕೊಂಡು, ಮನೆಯ ಉಪ್ಪಿನಕಾಯಿ ಹಂಚುವಂತೆ ಹಂಚುತ್ತಿದ್ದರು. ಇಬ್ಬರ ಮನಸ್ಸನ್ನೂ ನೋಯಿಸಬಾರದೆಂದು, ವಿಜ್ಞಾನ ಓದಿದ ನಾನು ಬೆಳಿಗ್ಗೆ ಕೆಂಪು, ಸಂಜೆ ಬಿಳಿ ನುಂಗಿದೆ. ಉರಿ ಹೋಗಲಿಲ್ಲ. ಚಳಿಜ್ವರ ಬಂತು, ಸೊಂಟ ಹಿಡಿಯಿತು.

ಯಜಮಾನರು ನಂಜನಗೂಡಿನ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದರು. ಏನು ತೊಂದರೆಯೆಂದು ಅವರು ಕೇಳಿದಾಗ, ಮಕ್ಕಳು ಕ್ಲಾಸಿನಲ್ಲಿ ಎತ್ತುವಂತೆ ಕಿರುಬೆರಳು ಎತ್ತಿಬಿಟ್ಟೆ. ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಸೊಂಟದ ನೋವಿಗಿಂತ ಆ ನಾಚಿಕೆಯೇ ಹೆಚ್ಚು ಬಾಧಿಸಿತು.

ಮಾತ್ರೆಗಳ ಕಥೆ ಕೇಳಿ ಡಾಕ್ಟರು ತಲೆ ಚಚ್ಚಿಕೊಂಡರು. "ಅವರಿಗೆ ಒಗ್ಗಿದ್ದು ನಿಮಗೂ ಒಗ್ಗುತ್ತೆ ಅಂತ ಯಾರಮ್ಮ ಹೇಳಿದ್ದು? ಯೂರಿನ್ ಟೆಸ್ಟ್ ಮಾಡಿಸಿದ್ರೆ ಇನ್‌ಫೆಕ್ಷನ್ ಯಾವ ಮಾತ್ರೆಗೆ ಬಗ್ಗುತ್ತೆ ಅಂತ ಗೊತ್ತಾಗುತ್ತೆ. ಕೊಟ್ಟಷ್ಟನ್ನೂ ನುಂಗಿ ಮುಗಿಸ್ಬೇಕು. ನೀರು ಕುಡೀಬೇಕು, ಬಂದಾಗ ಹೋಗ್ಬೇಕು. ಈಗಾಗ್ಲೇ ಕಿಡ್ನಿವರೆಗೂ ಏರಿದೆ ಕಣಮ್ಮ, ಇನ್ನೊಂದ್ಸಲ ಹುಡುಗಾಟ ಆಡ್ಬೇಡಿ" ಎಂದರು.

ಗುಣವಾಗಿ ಶಾಲೆಗೆ ಮರಳಿದ ದಿನ, ಕಿಡ್ನಿಯ ಭಯಕ್ಕೆ ಒಂದು ಬಾಟಲಿ ನೀರು ಕುಡಿದು, ಮಧ್ಯಾಹ್ನ ಧೈರ್ಯಮಾಡಿ ಬೀಗದ ಕೈ ಕೇಳಲು ಹೋದೆ. ಹೆಡ್‌ಮಾಸ್ತರು ಕನ್ನಡಕ ಏರಿಸಿಕೊಂಡು, ಏನು ಬೇಕಿತ್ತೆಂದು ಕೇಳಿದರು.

"ಸೀಮೆಸುಣ್ಣ ಸಾರ್" ಎಂದೆ.

ಅವರು ಧಾರಾಳವಾಗಿ ಹೊಸ ಡಬ್ಬಿಯನ್ನೇ ಕೊಟ್ಟರು. ಅದನ್ನು ಸ್ಟಾಫ್ ರೂಮಿನ ಬೀರುವಿನಲ್ಲಿಡಲು ಹೋದರೆ ಜಾಗವಿರಲಿಲ್ಲ. ಮುಚ್ಚಳ ತೆರೆಯದ ಸೀಮೆಸುಣ್ಣದ ಡಬ್ಬಿಗಳು ಅಲ್ಲಿ ಆಗಲೇ ಸಾಲಾಗಿ ಕೂತಿದ್ದವು. ಕಮಲಮ್ಮನವರು ನನ್ನ ಕೈ ನೋಡಿ ತಲೆ ತಗ್ಗಿಸಿದರು.

"ನಾವೂ ಕೀ ಕೇಳಕ್ಕೇ ಹೋಗಿದ್ದು ಕಣ್ರೀ" ಎಂದರು.

ಆ ಸಂಜೆ ಬಸ್ಸು ನಂಜನಗೂಡು ಮುಟ್ಟುವವರೆಗೂ ನಾನು ಕುಡಿದ ಆ ಬಾಟಲಿ ನೀರನ್ನು ತಡೆದುಕೊಂಡು ರಸ್ತೆಯ ಗುಂಡಿಗಳನ್ನು ಎಣಿಸುತ್ತಿದ್ದೆ.